ಎಂಬತ್ತೇಳನೇ ಸ್ಲೈಡು

"ಇದು ಗಡ್ಡೆ!"

"ಮಚ್ಚೆ ಕಣ್ರೀ!"

ಇಬ್ಬರು ಎದುರುಬದುರು ಕೂತು ಒಂದೇ ಸ್ಲೈಡು ನೋಡುವ ಜೋಡಿ ಮೈಕ್ರೋಸ್ಕೋಪು ಅದು. ಈ ತುದಿಯಲ್ಲಿ ಡಾ. ರಾಧಾಮಣಿ. ಆ ತುದಿಯಲ್ಲಿ, ಅಟ್ಟೂರಿನ ಆ ಔಷಧಿ ಪರೀಕ್ಷೆಯ ಲ್ಯಾಬಿಗೆ ಅಂದು ತಾನೇ ಸೇರಿದ ಡಾ. ಯೋಗಾನಂದ. ನಡುವೆ ಯಾವುದೋ ಇಲಿಯ ಲಿವರ್‌ನ ಒಂದು ಚೂರು. ಪಾಪ, ಸತ್ತ ಮೇಲೂ ಅದಕ್ಕೆ ನೆಮ್ಮದಿಯಿಲ್ಲ!

"ಗಡ್ಡೆ ಆದ್ರೆ ಪಕ್ಕದ ಜೀವಕೋಶಗಳನ್ನ ತಳ್ಳುತ್ತೆ ಮೇಡಂ. ಇದು ಬೆರೆತುಹೋಗಿದೆ."

"ಸರಿಯಾಗಿ ನೋಡಿ. ತಳ್ತಿದೆ!"

"ತಳ್ತಿರೋದು ನೀವು... ನನ್ನ ಕಾಲನ್ನ."

ರಾಧಾಮಣಿ ಟೇಬಲ್ಲಿನ ಕೆಳಗಿದ್ದ ಪಾದವನ್ನು ಸರ್ರನೆ ಎಳೆದುಕೊಂಡಳು. ಕೆನ್ನೆ ಬಿಸಿಯಾಯಿತು. ಎಂಥ ಮನುಷ್ಯ!

ಜಗಳದಿಂದ ಶುರುವಾದದ್ದು ಚಹಾದ ಅಂಗಡಿಯವರೆಗೂ ಬಂತು. ದಿನಾ ನಾಲ್ಕು ಗಂಟೆಗೆ ಎರಡು ಲೋಟ ಚಹಾ, ಜೊತೆಗೆ ಯೋಗಾನಂದನ ಮಿಮಿಕ್ರಿ. ಬಾಸ್ ಅನಂತರಾಜು ಅವರ ದನಿಯನ್ನು ಅವನು ಹಾಗೇ ಇಳಿಸುತ್ತಿದ್ದ. "ಹೂಂಂ... ನೋಡಮ್ಮಾ..." ನಕ್ಕು ನಕ್ಕು ಅವಳಿಗೆ ಚಹಾ ನೆತ್ತಿಗೇರುತ್ತಿತ್ತು.

ಒಂದು ದಿನ ಅಸಲಿ ಅನಂತರಾಜು ಅವರೇ ಗಂಟಲು ಸರಿಮಾಡಿಕೊಂಡರು.

"ಹೂಂಂ... ನೋಡಮ್ಮಾ, ಒಂದೇ ಕಲೆಗೆ ಒಬ್ಬೊಬ್ರು ಒಂದೊಂದು ಹೆಸರಿಟ್ರೆ, ಔಷಧಿ ಒಳ್ಳೇದೋ ಕೆಟ್ಟದ್ದೋ ಅಂತ ಹೇಗೆ ಹೇಳೋದು? ಎಲ್ಲರಿಗೂ ಹೆಸರಿನ ಒಂದೇ ಪಟ್ಟಿ ಬೇಕು. ನೂರು ಹಳೇ ಸ್ಲೈಡು, ಗುರುತು ಸಿಗದ ಹಾಗೆ ಹೊಸ ನಂಬರು. ಇಬ್ಬರೂ ಬೇರೆ ಬೇರೆ ಕೂತು ಹೆಸರು ಬರೀರಿ. ಮುಗಿಯೋವರೆಗೂ ಸ್ಲೈಡಿನ ಮಾತು ಆಡೋ ಹಾಗಿಲ್ಲ."

ಸ್ಲೈಡಿನ ಮಾತು ಆಡಬಾರದು, ಸರಿ. ಆದರೆ ಯೋಗಾನಂದ ಮಾತನ್ನೇ ಬಿಟ್ಟ! ಚಹಾ ಇಲ್ಲ. ಗುಡ್ ಮಾರ್ನಿಂಗೂ ಇಲ್ಲ. ಎದುರಾದರೆ ಗೋಡೆ ನೋಡುತ್ತಾನೆ.

'ನಾನೇನು ಮಾಡಿದೆ?'

ಮೂರನೇ ವಾರ ಕ್ಯಾಂಟೀನಿನ ಬಾಗಿಲಲ್ಲಿ ಅವಳ ಹೆಜ್ಜೆ ನಿಂತಿತು. ಒಳಗೆ ತನ್ನದೇ ದನಿ! "ಸರಿಯಾಗಿ ನೋಡಿ. ತಳ್ತಿದೆ!" ಯೋಗಾನಂದ ಅವಳಂತೆ ಮೂಗೇರಿಸುತ್ತಿದ್ದ. ರಿಸೆಪ್ಷನ್ನಿನ ಸುಮಾ ಹೊಟ್ಟೆ ಹಿಡಿದು ನಗುತ್ತಿದ್ದಳು.

ರಾಧಾಮಣಿಯ ಕಣ್ಣು ಮಂಜಾಯಿತು. ಓ... ನಾನು ಬರೀ ತಮಾಷೆ!

ಅಂದೇ ಪತ್ರ ಬರೆದಳು. ಈ ಲ್ಯಾಬಿನ ಕೆಲಸದಿಂದ ನನ್ನನ್ನು ಬಿಡಿಸಿ. ಕೊನೆಯ ಸ್ಲೈಡು ಮುಗಿಸಿ ಕೊಡೋಣವೆಂದು ಬ್ಯಾಗಿನಲ್ಲಿಟ್ಟುಕೊಂಡಳು.

ಹೋಲಿಸಿ ನೋಡುವ ದಿನ ಬಂತು. ನೂರರಲ್ಲಿ ತೊಂಬತ್ತಾರು ತಾಳೆಯಾದವು. ಮೂರು ಸಣ್ಣ ತಕರಾರು ಅಲ್ಲೇ ತೀರಿದವು. ಉಳಿದದ್ದು ಒಂದೇ, ಎಂಬತ್ತೇಳನೇ ಸ್ಲೈಡು. ಅನಂತರಾಜು ಹಳೇ ನಂಬರು ಹುಡುಕಿ ಹುಬ್ಬೇರಿಸಿದರು.

"ಮೊದಲ ದಿನ ನೀವಿಬ್ರೂ ಕಿತ್ತಾಡಿದ ಸ್ಲೈಡೇ ಇದು! ಈಗ ರಾಧಾಮಣಿ 'ಮಚ್ಚೆ' ಅಂತಾಳೆ, ಯೋಗಾನಂದ 'ಗಡ್ಡೆ' ಅಂತಾನೆ! ಏನ್ರಪ್ಪಾ ಇದು? ಹೋಗಿ, ಒಟ್ಟಿಗೆ ಕೂತು ಒಂದೇ ಹೆಸರು ತನ್ನಿ."

ಮತ್ತೆ ಅದೇ ಜೋಡಿ ಮೈಕ್ರೋಸ್ಕೋಪು.

"ನೀವು ಯಾಕೆ ಬದಲಾಯಿಸಿದ್ರಿ?" ಲೆನ್ಸಿನಿಂದ ಕಣ್ಣೆತ್ತದೆ ಅವಳು ಕೇಳಿದಳು.

"ಅಂಚು ನೋಡ್ದಾಗೆಲ್ಲಾ ಕಿವೀಲಿ ನೀವೇ ಹೇಳ್ತಿದ್ರಿ, ಸರಿಯಾಗಿ ನೋಡಿ ಅಂತ. ನೋಡ್ದೆ. ನೀವು?"

"ನನಗೂ... ಬೆರೆತಿದೆ ಅಂತ ಯಾರೋ ಹೇಳ್ದಂಗಾಯ್ತು. ಆದ್ರೆ ಅವ್ರು ಕ್ಯಾಂಟೀನಲ್ಲಿ ನನ್ನನ್ನ ಆಡ್ಕೋತಾರೆ!"

ಯೋಗಾನಂದ ಕಣ್ಣು ಎತ್ತಿದ.

"ಆಡ್ಕೊಳ್ಳೋದಾ? ಮಾತಾಡಿದ್ರೆ ನಿಮ್ಮ ಮುಖ ನೋಡೇ ಉತ್ತರ ಬರೆದುಬಿಡ್ತೀನಿ ಅಂತ ದೂರ ಇದ್ದೆ ರೀ. ಮೂರು ವಾರ ನಿಮ್ಮ ದನಿ ಕೇಳ್ದೆ ಇರೋಕಾಗ್ಲಿಲ್ಲ... ಅದಕ್ಕೆ ನಾನೇ ಮಾಡ್ಕೊಂಡೆ. ಸುಮಾ ನಕ್ಕಿದ್ದು ನನ್ನ ಪಾಡು ನೋಡಿ!"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಬ್ಯಾಗಿನಿಂದ ಪತ್ರ ತೆಗೆದು ನಾಲ್ಕು ಚೂರು ಮಾಡಿದಳು.

"ಸ್ಲೈಡು ನೋಡಿ ಮೊದ್ಲು," ಎಂದು ಮೂಗೊರೆಸಿಕೊಂಡಳು. "ಒಂದು ಬದಿ ತಳ್ತಿದೆ. ಮೂರು ಬದಿ ಬೆರೆತಿದೆ."

"ಎರಡು ಬದಿಯಾದ್ರೂ ತಳ್ಳಿದ್ರೇನೇ ಗಡ್ಡೆ ಅಂತ ಪಟ್ಟೀಲಿ ಬರೆಯೋಣ. ಹಾಗಾದ್ರೆ ಇದು ಮಚ್ಚೆ."

"ಮಚ್ಚೆ."

ಯೋಗಾನಂದ ಅದನ್ನು ಪಟ್ಟಿಯಲ್ಲಿ ಬರೆದುಕೊಂಡ.

"ಮೇಡಂ... ಕಾಲು."

"ಗೊತ್ತು."

ಈ ಸಲ ಅವಳು ಎಳೆದುಕೊಳ್ಳಲಿಲ್ಲ.

"ತಳ್ತಿದ್ದೀರಾ?"

"ಸರಿಯಾಗಿ ನೋಡಿ ಯೋಗಾನಂದ್... ಬೆರೆತಿದೆ."