ಕೋಟೆಗೋಡೆಯ ಇಟ್ಟಿಗೆ

ಬೇಸಿಗೆ ಬಂದರೆ ಬರ್ಮಾದ ನಮ್ಮ ಹನ್‌ಲಿನ್ ಊರಿನವರೆಲ್ಲ ಬಾವಿಯ ಉಪ್ಪುನೀರು ಕಾಯಿಸಿ ಉಪ್ಪು ತೆಗೆಯುತ್ತೇವೆ. ಒಂದು ವರ್ಷ ಅಣ್ಣ ಫೋ ಥೌಂಗ್ ಊರಾಚೆಯ, ಪ್ಯೂ ಅರಸರ ಕಾಲದ ಹಳೆಯ ಕೋಟೆಗೋಡೆಯ ಇಟ್ಟಿಗೆ ಕಿತ್ತು ತಂದು ಒಲೆ ಕಟ್ಟಿದ. ಒಂದೊಂದರ ಮೇಲೂ ಯಾರೋ ಹಸಿಮಣ್ಣಿನಲ್ಲಿ ಬೆರಳೆಳೆದ ಗೆರೆಗಳಿದ್ದವು.

"ಬೇಡ ಕಣೋ, ಗೋಡೆ ಕಾಯೋ ಆತ್ಮಗಳು ಇದ್ದಾವೆ," ಎಂದಳು ಅಮ್ಮ.

"ಕಾದು ಕಾದು ಚಳಿ ಹಿಡಿದಿರುತ್ತೆ. ಒಲೆ ಮುಂದೆ ಬಂದು ಕೂತ್ಕೊಳ್ಲಿ ಬಿಡಮ್ಮ!"

ಬೆಂಕಿ ಧಗಧಗ ಉರಿಯಿತು. ಬಾಣಲೆಯ ಉಪ್ಪುನೀರಿಗೆ ಬೆರಳಿಟ್ಟೆ, ತಣ್ಣಗೆ ಕೊರೆಯಿತು. ದೂರದಲ್ಲಿ ಕಟ್ಟಿಗೆ ಒಡೆಯುತ್ತಿದ್ದ ಅಣ್ಣ "ಮೈ ಸುಡ್ತಿದೆ ಕಣೋ!" ಎಂದು ಚೀರಿದ. ಅವನ ಬೆನ್ನಿನ ಮೇಲೆ ಬೆರಳೆಳೆದಂತೆ ಬೊಬ್ಬೆಗಳೆದ್ದಿದ್ದವು.

ಒಲೆ ಕೆಡವಿ ಇಟ್ಟಿಗೆಗಳನ್ನು ಗೋಡೆಗೆ ಮರಳಿಸಿದೆವು. ಕೆಡವುವಾಗ ಪುಡಿಯಾದ ಒಂದು ಮಾತ್ರ ಬಾಕಿ ಉಳಿಯಿತು. ಇಂದಿಗೂ ಅಣ್ಣನ ಬೆನ್ನಿಗೆ ತಣ್ಣೀರು ಸುರಿದರೆ ಚುಂಯ್ ಎಂದು ಹಬೆ ಏಳುತ್ತದೆ.