ನಾಲ್ಕನೇ ನಾಬ್

ರಬ್ಬರ್ ಬೇಕೆಂದು ಇಲಿಂಕಾ ಪೆನ್ಸಿಲ್ ಪೌಚಿನ ಜಿಪ್ ಎಳೆದಳು. ರಬ್ಬರಿನ ಜೊತೆ ಕಪ್ಪಗೆ ಗುಂಡಗೆ ಏನೋ ಒಂದು ಹೊರಗೆ ಜಾರಿ ನೆಲಕ್ಕೆ ಬಿತ್ತು. ಉರುಳುತ್ತಾ ಹೋಗಿ ಪಕ್ಕದ ಬೆಂಚಿನ ತುದೋರನ ಶೂಗೆ ತಾಗಿ ನಿಂತಿತು.

ತುದೋರ್ ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಮಿಸ್, ಇದು ಗ್ಯಾಸ್ ಒಲೆ ನಾಬು. ಇಲಿಂಕಾ ಅಡುಗೆಮನೇನೇ ಕಿತ್ಕೊಂಡು ಬಂದಿದಾಳೆ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಫ್ರಿಜ್ ಎಲ್ಲಿ, ಬ್ಯಾಗಲ್ಲಿದೆಯಾ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ನಡೆಯುತ್ತಿದ್ದದ್ದು ಲೆಕ್ಕದ ಟೆಸ್ಟ್. ಮಿಸ್ ಸುಮ್ಮನೆ ಕೈ ಚಾಚಿ ನಾಬ್ ಈಸಿಕೊಂಡು ತಮ್ಮ ಮೇಜಿನ ಡ್ರಾಯರಿಗೆ ಹಾಕಿದರು. ಇದನ್ನು ಯಾಕೆ ತಂದೆ ಎಂದು ಕೇಳಿದರು. ರಿಪೇರಿಗೆ ಎಂದಳು ಇಲಿಂಕಾ. ಸರಿ, ಬೆಲ್ ಹೊಡೆದ ಮೇಲೆ ಬಂದು ತಗೋ ಎಂದರು.

ಇಲಿಂಕಾ ಪೌಚನ್ನು ಹೊರಗಿನಿಂದಲೇ ಮುಟ್ಟಿ ನೋಡಿದಳು. ಉಳಿದ ಮೂರು ನಾಬ್ ಒಳಗೇ ಇದ್ದವು. ಇಷ್ಟು ದಿನ ಆಗದ್ದು ಇವತ್ತೇ ಆಗಬೇಕೆ? ಇವತ್ತು ಅಮ್ಮ ಬರುವ ದಿನ.

ಅಮ್ಮನಿಗೆ ಜರ್ಮನಿಯ ಉಲ್ಮ್ ಊರಿನಲ್ಲಿ ಕೆಲಸ. ನೆನಪಿನ ಶಕ್ತಿ ಹೋಗಿರುವ ಒಬ್ಬ ಮುದುಕಿಯನ್ನು ಹಗಲೂ ರಾತ್ರಿ ನೋಡಿಕೊಳ್ಳುವುದು. ಮೂರು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ತಮ್ಮೂರಾದ ದೊರೊಹೊಯ್‌ನಲ್ಲಿ. ಇಲಿಂಕಾ ಆ ಮುದುಕಿಯನ್ನು ನೋಡಿಲ್ಲ. ಆದರೂ ಉಲ್ಮ್ ಅಜ್ಜಿ ಎಂದೇ ಕರೆಯುತ್ತಾಳೆ. ಮನೆಗೆ ಬಂದಾಗಲೆಲ್ಲ ಅಮ್ಮ ಹೇಳುವುದು ಆ ಅಜ್ಜಿಯ ಕತೆಗಳನ್ನೇ.

ಉಲ್ಮ್ ಅಜ್ಜಿ ಒಲೆ ಹಚ್ಚಿ ಮರೆಯುತ್ತಾಳೆ. ಅದಕ್ಕೇ ಅಮ್ಮ ಒಲೆಯ ನಾಬ್‌ಗಳನ್ನು ಕಿತ್ತು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಾಳೆ. ಮಗ ಫೋನ್ ಮಾಡಿದಾಗ ಮಾತ್ರ ಉಲ್ಮ್ ಅಜ್ಜಿ ಬಲು ಚುರುಕು. ಎಲ್ಲಾ ಚೆನ್ನಾಗಿದೆ, ಊಟ ಆಯ್ತಾ, ಅಲ್ಲಿ ಚಳಿ ಇದೆಯಾ ಎಂದು ಮಾತಾಡಿ ಫೋನ್ ಇಡುತ್ತಾಳೆ. ಆಮೇಲೆ, ಈಗ ಮಾತಾಡಿದ್ದು ಯಾರು ಎಂದು ಅಮ್ಮನನ್ನು ಕೇಳುತ್ತಾಳೆ. ಸಂಜೆಯಾದರೆ ಸಾಕು, ಯಜಮಾನರು ನನ್ನನ್ನು ಕರೆದುಕೊಂಡು ಹೋಗಲು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಶುರು ಮಾಡುತ್ತಾಳೆ. ಯಜಮಾನರು ಸತ್ತು ಇಪ್ಪತ್ತು ವರ್ಷವಾಗಿದೆ.

"ಆಗ ನೀನೇನು ಹೇಳ್ತೀಯಾ?" ಎಂದು ಇಲಿಂಕಾ ಒಮ್ಮೆ ಕೇಳಿದ್ದಳು.

"ಏನೂ ಹೇಳಲ್ಲ. ಬರಲ್ಲ ಅಂತ ಹೇಳೋ ಹಾಗಿಲ್ಲ. ಬರ್ತಾರೆ ಅಂತ ಸುಳ್ಳು ಹೇಳೋಕೂ ಬಾಯಿ ಬರಲ್ಲ. ಒಂದು ಟವೆಲ್ ಕೈಗೆ ಕೊಟ್ಟು, ಇದೊಂದು ಮಡಿಸಿಕೊಡಿ ಅಂತೀನಿ. ಮಡಿಸ್ತಾ ಮಡಿಸ್ತಾ ಮರೆತುಬಿಡ್ತಾರೆ."

ಆಗ ಇಲಿಂಕಾಳ ಅಜ್ಜಿಯೂ ಅಲ್ಲೇ ಕೂತಿದ್ದಳು. ಪಾಪದ ಜೀವ ಎಂದು ನಕ್ಕಿದ್ದಳು.

ಈ ಚಳಿಗಾಲದಲ್ಲಿ ಅಜ್ಜಿಗೂ ಮರೆವು ಶುರುವಾಯಿತು. ಈಸ್ಟರ್ ಹಬ್ಬದ ಮೊಟ್ಟೆಗೆ ಬಣ್ಣ ಕಟ್ಟಲು ಈರುಳ್ಳಿ ಸಿಪ್ಪೆ ಕೂಡಿಡುವುದು ಅವಳ ಹಳೆಯ ಅಭ್ಯಾಸ. ಈ ವರ್ಷ ಜನವರಿಯಲ್ಲೇ ಕೂಡಿಡತೊಡಗಿದಳು. ಸಿಪ್ಪೆ ಡ್ರಾಯರಿನಲ್ಲಿ, ಬೂಟಿನೊಳಗೆ, ದಿಂಬಿನ ಕವರಿನಲ್ಲಿ ಎಲ್ಲಾ ಕಡೆ ಸಿಗತೊಡಗಿತು. ಅಮ್ಮ ಹೋಗಿ ಎರಡು ವಾರವಾಗಿತ್ತು. ಇಲಿಂಕಾ ಶಾಲೆಯಿಂದ ಬಂದು ಮೆಟ್ಟಿಲು ಹತ್ತುವಾಗ ಮೂರನೇ ಮಹಡಿಯಲ್ಲೇ ಗ್ಯಾಸಿನ ವಾಸನೆ ಬಂತು. ಅವರ ಮನೆ ಇರುವುದು ನಾಲ್ಕರಲ್ಲಿ. ಒಳಗೆ ಅಜ್ಜಿ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಗ್ಯಾಸ್ ಪೂರ್ತಿ ತೆರೆದಿತ್ತು, ಬೆಂಕಿ ಇರಲಿಲ್ಲ.

ಕಿಟಕಿಗಳನ್ನೆಲ್ಲ ತೆಗೆದು ಹಿಮದ ಗಾಳಿಯಲ್ಲಿ ನಡುಗುತ್ತಾ ನಿಂತಾಗ ಇಲಿಂಕಾಗೆ ನೆನಪಾದದ್ದು ಉಲ್ಮ್ ಅಜ್ಜಿಯ ಒಲೆ.

ಮಾರನೆಯ ದಿನದಿಂದ ನಾಬ್‌ಗಳು ಪೆನ್ಸಿಲ್ ಪೌಚಿಗೆ ಬಂದವು. ಮನೆಯಲ್ಲೇ ಬಚ್ಚಿಡುವ ಹಾಗಿರಲಿಲ್ಲ. ಅಜ್ಜಿ ದಿನವಿಡೀ ಡ್ರಾಯರುಗಳನ್ನು ಹುಡುಕುತ್ತಿದ್ದಳು. ಬೆಳಿಗ್ಗೆ ಫ್ಲಾಸ್ಕಿನಲ್ಲಿ ಟೀ, ಬ್ರೆಡ್ಡು, ಸೇಬು ಇಟ್ಟು ಇಲಿಂಕಾ ಶಾಲೆಗೆ ಹೋಗುತ್ತಿದ್ದಳು. ಭಾನುವಾರ ಅಮ್ಮ ವಿಡಿಯೋ ಕಾಲ್ ಮಾಡಿದರೆ ಅಜ್ಜಿ ತಲೆ ಬಾಚಿ ಕೂತು, ಎಲ್ಲಾ ಚೆನ್ನಾಗಿದೆ, ಊಟ ಆಯ್ತಾ, ಅಲ್ಲಿ ಚಳಿ ಇದೆಯಾ ಎನ್ನುತ್ತಿದ್ದಳು. ಎಲ್ಲಾದರೂ ತಡವರಿಸಿದರೆ ಇಲಿಂಕಾ ಪಕ್ಕದಿಂದ ಮಾತು ಸೇರಿಸುತ್ತಿದ್ದಳು.

ಅಮ್ಮನಿಗೆ ಯಾಕೆ ಹೇಳಲಿಲ್ಲವೆಂದರೆ, ಎದುರು ಮನೆಯ ಫ್ಲೋರಿಕಾ ಆಂಟಿಯ ಗಂಡನಿಗೂ ಹೀಗೇ ಆಗಿತ್ತು. ಅವರನ್ನು ಊರಾಚೆಯ ವೃದ್ಧಾಶ್ರಮಕ್ಕೆ ಸೇರಿಸಿದರು. ಹೋಗುವಾಗ ಅವರು ಮೆಟ್ಟಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಒಂದೂವರೆ ತಿಂಗಳಿಗೆ ತೀರಿಕೊಂಡರು.

ಟೆಸ್ಟ್ ಮುಗಿದು ಶಾಲೆ ಬಿಡುವ ಬೆಲ್ ಹೊಡೆಯಿತು. ಮಿಸ್ ಇರಲಿಲ್ಲ, ಹೆಡ್‌ಮಾಸ್ಟರ್ ಕರೆದಿದ್ದರು. ಡ್ರಾಯರಿಗೆ ಬೀಗ. ಇಲಿಂಕಾ ಬಾಗಿಲಲ್ಲಿ ಕಾದಳು. ಹತ್ತು ನಿಮಿಷ, ಹದಿನೈದು ನಿಮಿಷ. ಜರ್ಮನಿಯಿಂದ ಅಮ್ಮನನ್ನು ಕರೆತರುವ ವ್ಯಾನು ಒಂದು ಗಂಟೆಗೆ ಬರುತ್ತದೆ. ಕೊನೆಗೆ ಓಡಿದಳು.

ಮನೆಗೆ ಬಂದು ಮೂರು ನಾಬ್ ಸಿಕ್ಕಿಸಿದಳು. ನಾಲ್ಕನೆಯದರ ಜಾಗದಲ್ಲಿ ಲೋಹದ ಕಡ್ಡಿ ಬೋಳಾಗಿ ನಿಂತಿತ್ತು. ಅದರ ಮೇಲೆ ಕೈಬಟ್ಟೆ ನೇತುಹಾಕಿದಳು. ಮುಖ ತೊಳೆಯುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಅಮ್ಮ ಎರಡು ದಿನ ವ್ಯಾನಿನಲ್ಲಿ ಕೂತು ಬಂದಿದ್ದಳು. ಕಾಲು ಊದಿತ್ತು. ಪ್ರತಿ ಸಲ ಅವಳು ಶೂ ಕಳಚಿ ಎಸೆದು, ಸೋಫಾದ ಮೇಲೆ ಮಲಗಿ, ಕಾಲೆರಡನ್ನೂ ಗೋಡೆಗೆ ಚಾಚುತ್ತಾಳೆ. ಒಂದು ಗಂಟೆ ನನ್ನನ್ನ ಯಾರೂ ಏನೂ ಕೇಳ್ಬೇಡಿ ಎನ್ನುತ್ತಾಳೆ. ಇಲಿಂಕಾಗೆ ಆ ಗಂಟೆ ತುಂಬಾ ಇಷ್ಟ. ಪಕ್ಕದಲ್ಲಿ ತಾನೂ ಕಾಲು ಚಾಚಿ ಮಲಗುತ್ತಾಳೆ.

"ಸೊರಗಿ ಹೋಗಿದೀಯಲ್ಲೇ," ಎಂದು ಅಜ್ಜಿ ಮಗಳ ಕೆನ್ನೆ ಸವರಿದಳು. "ಅಲ್ಲಿ ಚಳಿ ಇದೆಯಾ?"

"ಇದೆ ಅಮ್ಮಾ. ಮೂರು ತಿಂಗಳಿಂದ ಬ್ರೆಡ್ಡು ತಿಂದೂ ತಿಂದೂ ನಾಲಿಗೆ ಕೆಟ್ಟುಹೋಗಿದೆ. ಮೊದಲು ಮೆಕ್ಕೆಜೋಳದ ಮುದ್ದೆ ಮಾಡ್ತೀನಿ. ಬೆಳ್ಳುಳ್ಳಿ ಚಟ್ನಿ ಜೊತೆ ತಿಂದು ಆಮೇಲೆ ಮಲಗ್ತೀನಿ."

ನಾನು ಮಾಡ್ತೀನಿ, ನೀನು ಮಲಗು ಎಂದು ಇಲಿಂಕಾ ಹಿಂದೆಯೇ ಹೋದಳು. ಅಷ್ಟರಲ್ಲಿ ಅಮ್ಮ ಪಾತ್ರೆಗೆ ನೀರು ಹಿಡಿದಾಗಿತ್ತು. ಪಾತ್ರೆಯ ತಳ ಒರೆಸಲು ಕೈಬಟ್ಟೆ ಎಳೆದುಕೊಂಡಳು.

ನಲ್ಲಿಯಿಂದ ಒಂದೊಂದೇ ಹನಿ ಬೀಳುತ್ತಿತ್ತು. ಅಮ್ಮ ಬೋಳು ಕಡ್ಡಿಯ ಮೇಲೆ ಬೆರಳಿಟ್ಟಳು.

"ಇದರ ನಾಬ್ ಎಲ್ಲಿ?"

"ಸ್ಕೂಲಲ್ಲಿ. ಮಿಸ್ ಡ್ರಾಯರಲ್ಲಿ."

ಬೇರೆ ಯಾರೇ ಆಗಿದ್ದರೂ, ಅದು ಸ್ಕೂಲಿಗೆ ಯಾಕೆ ಹೋಯಿತು ಎಂದು ಕೇಳುತ್ತಿದ್ದರು. ಅಮ್ಮ ಕೇಳಲಿಲ್ಲ.

"ಯಾವಾಗಿಂದ?"

"ನೀನು ಹೋದ ಎರಡು ವಾರಕ್ಕೆ."

"ಫೋನಲ್ಲಿ ಅಜ್ಜಿ ಚೆನ್ನಾಗೇ ಮಾತಾಡ್ತಿದ್ಲು..." ಅಮ್ಮ ಅಲ್ಲಿಗೇ ನಿಲ್ಲಿಸಿದಳು. "ಉಲ್ಮಲ್ಲಿ ಆ ಅಜ್ಜಿ ಮಗನಿಗೆ ಏನೂ ತಿಳಿಯಲ್ಲ ಅಂತ ನಗ್ತಿದ್ದೆ ನಾನು."

ಆಮೇಲೆ ಅವಳು ಉಳಿದ ಮೂರು ನಾಬ್‌ಗಳನ್ನೂ ಕಿತ್ತಳು. ನೇರ ಎಳೆದರೆ ಅವು ಬರುವುದಿಲ್ಲ, ಕೊಂಚ ಓರೆ ಮಾಡಿ ಎಳೆಯಬೇಕು. ಆ ಓರೆಯನ್ನು ಕಲಿಯಲು ಇಲಿಂಕಾಗೆ ಒಂದು ವಾರ ಹಿಡಿದಿತ್ತು, ಉಗುರು ಮುರಿದಿತ್ತು. ಅಮ್ಮನ ಕೈಗೆ ಟಕ್, ಟಕ್, ಟಕ್ ಎಂದು ಬಂದವು.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಒಲೆಗೇನಾಯ್ತು?"

"ರಿಪೇರಿಗೆ ಕೊಡ್ಬೇಕು, ಅಮ್ಮಾ," ಎಂದಳು ಅಮ್ಮ. ದನಿ ಮೆತ್ತಗಿತ್ತು, ಒಂದೊಂದೇ ಪದ ಬಿಡಿಬಿಡಿಯಾಗಿ ಬಂತು. "ಬಾ, ನಿನ್ನ ಈರುಳ್ಳಿ ಸಿಪ್ಪೆ ತೋರಿಸು. ಎಷ್ಟು ಕೂಡಿಟ್ಟಿದೀಯಾ?"

ಆ ದನಿ ಇಲಿಂಕಾಗೆ ಗೊತ್ತಿತ್ತು. ಫೋನಿನ ಆಚೆ ಉಲ್ಮ್ ಅಜ್ಜಿ ಕರೆದಾಗ ಅಮ್ಮ ಆ ಕಡೆ ತಿರುಗಿ ಮಾತಾಡುವ ದನಿ. ಈ ಮನೆಯಲ್ಲಿ ಅದನ್ನು ಯಾವತ್ತೂ ಕೇಳಿರಲಿಲ್ಲ.

ಅಜ್ಜಿ ಖುಷಿಯಿಂದ ಡ್ರಾಯರುಗಳನ್ನು ತೆರೆಯತೊಡಗಿದಳು. ಅಮ್ಮ ನಾಬ್‌ಗಳನ್ನು ತನ್ನ ಜೇಬಿಗೆ ಹಾಕಿಕೊಂಡು ನಡುಮನೆಗೆ ಬಂದಳು. ಸೋಫಾದ ಕಡೆ ನೋಡಲೂ ಇಲ್ಲ. ನೆಲದ ಮೇಲೆ ಮಂಡಿಯೂರಿ ಸೂಟ್‌ಕೇಸ್ ತೆರೆದಳು. ಇಲಿಂಕಾ ಅವಳ ಪಕ್ಕ ಕೂತಳು. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಲೇಬೇಕಿತ್ತು.

"ಅಮ್ಮಾ, ಅಜ್ಜೀನ ಆಶ್ರಮಕ್ಕೆ ಕಳಿಸ್ತೀಯಾ?"

ಅಮ್ಮ ಸೂಟ್‌ಕೇಸಿನೊಳಗೆ ಏನೋ ಹುಡುಕಿದಳು. ಅವಳ ಕಣ್ಣು ಇಲಿಂಕಾಗೆ ಕಾಣಿಸಲಿಲ್ಲ. ಒಂದು ಟವೆಲ್ ಎತ್ತಿ ಇಲಿಂಕಾಳ ಕೈಗೆ ಕೊಟ್ಟಳು.

"ಇದೊಂದು ಮಡಿಸಿಕೊಡು, ಮರಿ."

ಇಲಿಂಕಾ ಟವೆಲ್ ನೋಡಿದಳು. ಅದು ಆಗಲೇ ಮಡಿಸಿಯೇ ಇತ್ತು.

ಅವಳು ಟವೆಲನ್ನು ಪೂರ್ತಿ ಬಿಡಿಸಿ, ತೊಡೆಯ ಮೇಲೆ ಹರಡಿ, ಅಂಚಿಗೆ ಅಂಚು ಸೇರಿಸಿ ನಿಧಾನವಾಗಿ ಮಡಿಸತೊಡಗಿದಳು.