ಕಾಯಂ ವಿಳಾಸ

ಆರ್ನೆಲ್ ಬಂದ ದಿನವೇ ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ಪ್ರೀತಿ ಆಮೇಲೆ ಬಂತು. ಬಂದದ್ದು ಆ ಕಿಚ್ಚಿನ ಪಕ್ಕದಲ್ಲೇ ಜಾಗ ಮಾಡಿಕೊಂಡು ಕುಳಿತಿತು.

ನಮ್ಮದು ಉತ್ತರ ಡಕೋಟಾದ ಬಯಲಿನ ಚಿಕ್ಕ ಆಸ್ಪತ್ರೆ. ಲ್ಯಾಬಿನಲ್ಲಿ ನಾನು, ಮುಖ್ಯಸ್ಥೆ ಗ್ಲೆನ್ನಾ, ಮಿಕ್ಕವು ಖಾಲಿ ಸ್ಟೂಲುಗಳು. ಈ ಚಳಿಗೆ ಬಂದು ನೆಲೆಸುವವರು ಸಿಗದೆ ಗ್ಲೆನ್ನಾ ಏಜೆನ್ಸಿಯಿಂದ 'ಟ್ರಾವೆಲರ್'ಗಳನ್ನು ತರಿಸುತ್ತಾಳೆ. ಅವರು ಹದಿಮೂರು ವಾರ ರಕ್ತ ಪರೀಕ್ಷಿಸುತ್ತಾರೆ, ಹದಿನಾಲ್ಕನೆಯ ವಾರ ಬೇರೆ ಊರಲ್ಲಿರುತ್ತಾರೆ. ಅವರದೂ ನನ್ನದೇ ಪದವಿ, ನನ್ನದೇ ಸರ್ಟಿಫಿಕೇಟು, ನನ್ನದೇ ಡಕೋಟಾ ಲೈಸೆನ್ಸು. ಆದರೆ ಅವರ ಒಂದು ವಾರದ ಸಂಬಳ ನನ್ನ ಎರಡು ವಾರದ್ದು. ಅದರ ಮೇಲೆ ಮನೆಬಾಡಿಗೆಗೆ ಭತ್ಯೆ ಬೇರೆ. ಆರ್ನೆಲ್ ಅಂಥವರಲ್ಲೊಬ್ಬ.

"ಹದಿಮೂರು ವಾರದವನ ಹೆಸರು ನಾಲಿಗೆಗೆ ರೂಢಿಯಾಗಬಾರದು ಕಣೇ ಮಾರಿಟ್," ಎಂದು ಗ್ಲೆನ್ನಾ ಮೊದಲೇ ಎಚ್ಚರಿಸಿದ್ದಳು.

ತಪ್ಪು ನನ್ನ ನಾಲಿಗೆಯದಲ್ಲ, ಎರಡು ತಲೆಯ ಮೈಕ್ರೋಸ್ಕೋಪಿನದು. ಇಬ್ಬರು ಎದುರುಬದುರು ಕುಳಿತು ಒಂದೇ ಸ್ಲೈಡನ್ನು ನೋಡುವ ಯಂತ್ರ ಅದು. ಒಳಗೊಂದು ಪುಟ್ಟ ಹಸಿರು ಬಾಣ. ಒಬ್ಬರು ಆಡಿಸಿದರೆ ಇಬ್ಬರಿಗೂ ಕಾಣುತ್ತದೆ. ರಕ್ತದಲ್ಲಿ ಅನುಮಾನದ ಕಣ ಕಂಡರೆ ಎರಡನೆಯ ಕಣ್ಣು ಕೇಳಬೇಕೆನ್ನುವುದು ನಮ್ಮ ಪದ್ಧತಿ. ನನಗೆ ದಿನಕ್ಕೆ ನಾಲ್ಕು ಸಲ ಅನುಮಾನ ಬರತೊಡಗಿತು.

"ಇದು ಮಾಮೂಲಿ ಕಣ. ನಿನ್ನೆ ತೋರಿಸಿದ್ದೂ ಮಾಮೂಲಿನೇ," ಎಂದ ಆರ್ನೆಲ್.

"ಸರಿಯಾಗಿ ನೋಡು."

"ನೋಡ್ತಾನೇ ಇದ್ದೀನಲ್ಲ," ಅಂದ. ನಾನು ತಲೆಯೆತ್ತಿದೆ. ಅವನ ಕಣ್ಣು ಮಸೂರದ ಮೇಲಿರಲಿಲ್ಲ.

ಮಧ್ಯಾಹ್ನ ಅವನು ತನ್ನ ಪಾನ್ಸಿಟ್ ಶಾವಿಗೆಯನ್ನು ನನಗೆ ಬಡಿಸುತ್ತಿದ್ದ, ನಾನು ಆಲೂಗಡ್ಡೆಯ ಲೆಫ್ಸೆ ರೊಟ್ಟಿಗೆ ಬೆಣ್ಣೆ ಸವರಿ ಕೊಡುತ್ತಿದ್ದೆ. ಹಾಗೆ ತಿನ್ನುತ್ತ ಒಂದು ದಿನ, ನನ್ನಜ್ಜಿ ಹೇಳುತ್ತಿದ್ದ ಕಥೆಯೊಂದನ್ನು ಹೇಳಿದೆ. ಊರೂರು ಅಲೆಯುವ ವ್ಯಾಪಾರಿಯನ್ನು ಮೆಚ್ಚಿದ ಹುಡುಗಿಯೊಬ್ಬಳು, ಅವನು ಹೋಗದಿರಲೆಂದು ಅವನ ಬೂಟುಗಳನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಳಂತೆ. ಅವನೇನೋ ಉಳಿದ. ಆದರೆ ಬರಿಗಾಲಿನವನಿಗೆ ಕಲ್ಲುಮುಳ್ಳಿನದೇ ಯೋಚನೆ. ಬದುಕಿಡೀ ನೆಲ ನೋಡುತ್ತಲೇ ನಡೆದ, ಒಂದು ಸಲವೂ ಅವಳ ಮುಖ ನೋಡಲಿಲ್ಲ.

ಡಬ್ಬಿ ಮುಚ್ಚುತ್ತ ಆರ್ನೆಲ್, ನಿಮ್ಮಜ್ಜಿ ನನ್ನಂಥವರನ್ನು ಕಂಡಿದ್ದರೇನೋ ಎಂದ. ಅಜ್ಜಿ ಹೋಗಿ ಎರಡು ಚಳಿಗಾಲ ಕಳೆದಿದ್ದವು. ಅವಳ ಮನೆಯನ್ನೂ ಮಾರಿಯಾಗಿತ್ತು. ನಾನು ಬಾಡಿಗೆ ಕೋಣೆಯಲ್ಲಿದ್ದೆ.

ಎಲ್ಲ ಸರಿಯಿರುತ್ತಿತ್ತು, ಕೆಂಡ್ರಾ ಎಂಬವಳೊಬ್ಬಳು ಇಲ್ಲದಿದ್ದರೆ.

ಅವಳು ಒಮಾಹಾದಲ್ಲಿ ಕುಳಿತು ಅವನಿಗೆ ಕೆಲಸ ಹುಡುಕಿಕೊಡುವ ಏಜೆನ್ಸಿಯವಳು. ಒಂಬತ್ತನೆಯ ವಾರದಿಂದ ದಿನವೂ ಫೋನು ಬರತೊಡಗಿತು. ಅವನು ಎದ್ದು ಹೊರಗೆ, ಕಾರುಗಳ ನಡುವೆ ನಿಂತು ಮಾತಾಡುವನು. ಕಿಟಕಿಯಿಂದ ನೋಡುತ್ತಿದ್ದೆ. ಅಷ್ಟು ಗಾಳಿಯಲ್ಲಿ, ಟೋಪಿಯಿಲ್ಲದೆ, ನಗುತ್ತಾನೆ! ಅವನ ಹುಟ್ಟುಹಬ್ಬಕ್ಕೆ ಅವಳಿಂದ ಒಂದು ಬುಟ್ಟಿ ಪೇರ್ ಹಣ್ಣು ಬಂತು, 'ನೀನಿಲ್ಲದೆ ನಾನೇನು ಮಾಡಲಿ ಹನಿ' ಎಂಬ ಚೀಟಿಯ ಜೊತೆ. ಹನಿ ಅಂತೆ, ಜೇನಂತೆ! ಅವಳ ಕೆಲಸವೇ ಅದು ಕಣೇ ಎನ್ನುತ್ತ ಗ್ಲೆನ್ನಾ ಮೂರು ಹಣ್ಣು ತಿಂದಳು. ನಾನು ಮುಟ್ಟಲಿಲ್ಲ.

ಹನ್ನೊಂದನೆಯ ವಾರ ಪ್ರಿಂಟರಿನಲ್ಲಿ ಅವನ ಹೆಸರಿಗೆ ಫ್ಯಾಕ್ಸಾಗಿ ಬಂದ ಕಾಗದ ಬಿದ್ದಿತ್ತು. ಅಲಾಸ್ಕಾದ ದ್ವೀಪವೊಂದರ ಆಸ್ಪತ್ರೆ, ಹದಿಮೂರು ವಾರ. ಕೆಳಗೆ ಕೆಂಡ್ರಾ ಸಹಿಯ ಪಕ್ಕ ಪುಟ್ಟ ಹೃದಯ. ಕೈ ತಾನಾಗಿ ಕಾಗದವನ್ನು ಮಡಚಿತು. ನನ್ನ ಡ್ರಾಯರಿನಲ್ಲಿ, ಮಸೂರ ಒರೆಸುವ ಕಾಗದದ ಕಟ್ಟಿನ ಕೆಳಗೆ ಬಚ್ಚಿಟ್ಟೆ. ಅಜ್ಜಿ ನೆನಪಾದಳು. ಡ್ರಾಯರ್ ಮುಚ್ಚಿದೆ.

ಎರಡು ದಿನ ಕಳೆದರೂ ಅವನು ಹುಡುಕಲೇ ಇಲ್ಲ. ಅದೇ ಹೆಚ್ಚು ಹೆದರಿಸಿತು. ಅಲಾಸ್ಕಾಕ್ಕಿಂತ ಒಳ್ಳೆಯದೇನೋ ಸಿಕ್ಕಿರಬೇಕು.

ಮೂರನೆಯ ದಿನ ಊಟದ ಹೊತ್ತಿಗೆ ನನ್ನ ಕಾರಿನಲ್ಲಿ ಕುಳಿತು ಕೆಂಡ್ರಾಗೆ ಫೋನು ಮಾಡಿದೆ. ನಾನೂ ಟ್ರಾವೆಲರ್ ಆಗಬೇಕು ಎಂದೆ. ನಿಜವಾಗಿ ಬೇಕಿದ್ದದ್ದು ಆ ದನಿ ಕೇಳುವುದು. ಮೊದಲ ನಿಮಿಷದಲ್ಲೇ ನನ್ನನ್ನು ನಾಲ್ಕು ಸಲ 'ಹನಿ' ಅಂದಳು. ಕಿಚ್ಚು ಅರ್ಧ ಆರಿತು.

ಎರಡು ವರ್ಷದ ಅನುಭವ ಬೇಕು ಎಂದಳು. ನನಗದು ಕಳೆದ ತಿಂಗಳು ತುಂಬಿತ್ತು. ಸರ್ಟಿಫಿಕೇಟು, ರಕ್ತನಿಧಿಯ ಕೆಲಸ, ಲಸಿಕೆಗಳು, ಎಲ್ಲವೂ ಇತ್ತು. ಅಲಾಸ್ಕಾದಲ್ಲಿ ಒಂದು ಜಾಗ ಈಗಷ್ಟೇ ಖಾಲಿಯಾಗಿದೆ, ಅಲ್ಲಿ ರಾಜ್ಯದ ಲೈಸೆನ್ಸೂ ಕೇಳುವುದಿಲ್ಲ ಎಂದಳು. ಅದೇ ಆಸ್ಪತ್ರೆ. ಹೋಗಬೇಕಿದ್ದವರು ಯಾಕೆ ಬೇಡವೆಂದರು ಎಂದು ಕೇಳಿದೆ.

"ಅದನ್ನೆಲ್ಲ ಹೇಳೋ ಹಾಗಿಲ್ಲ ಹನಿ. ಹುಡುಗಿ ವಿಷಯ ಅಂದ್ಕೋ."

ಆರಿದ್ದ ಅರ್ಧವೂ ಹೊತ್ತಿಕೊಂಡಿತು. ಹುಡುಗಿ! ಯಾವ ಊರಿನವಳೋ, ಹೇಗಿರುವಳೋ. ಅವನು ಬಿಟ್ಟುಹೋಗುವ ಮೊದಲೇ, ಬಚ್ಚಿಟ್ಟ ಬೂಟನ್ನು ನಾನೇ ಹಾಕಿಕೊಂಡೆ. ಅಲ್ಲೇ, ಅವಳು ಕಳಿಸಿದ ಕರಾರಿಗೆ ಫೋನಿನ ಮೇಲೆಯೇ ಬೆರಳಿನಿಂದ ಸಹಿ ಮಾಡಿದೆ.

ಒಂದು ಅಂಕಣ ಮಾತ್ರ ಖಾಲಿ ಉಳಿಯಿತು. ಕಾಯಂ ವಿಳಾಸ. ಬಾಡಿಗೆ ಕಟ್ಟುತ್ತಿರುವ, ಕೆಲಸ ಮುಗಿಸಿ ವಾಪಸ್ ಹೋಗುವ ಮನೆಯೊಂದು ಬೇಕು, ಇಲ್ಲದಿದ್ದರೆ ಭತ್ಯೆಗೂ ತೆರಿಗೆ ಬೀಳುತ್ತದೆ ಎಂದು ಕೆಂಡ್ರಾ ವಿವರಿಸಿದಳು. "ಮನೆ ಇಲ್ಲದಿದ್ರೆ ಸರ್ಕಾರದ ಲೆಕ್ಕದಲ್ಲಿ ನೀನು ಅಲೆಮಾರಿ ಹನಿ, ಟ್ರಾವೆಲರ್ ಅಲ್ಲ." ನಾನು ಕೋಣೆ ಬಿಡುವವಳಿದ್ದೆ. ಏನು ಬರೆಯಲಿ?

ಮರುದಿನ ಬೆಳಿಗ್ಗೆ ಆರ್ನೆಲ್ ಒಂದು ಸ್ಲೈಡು ಹಿಡಿದು ಬಂದ. ಎರಡನೆಯ ಕಣ್ಣು ಬೇಕು ಎಂದ. ಎದುರುಬದುರು ಕುಳಿತೆವು. ಮಾಮೂಲಿ ಕಣಗಳು. ಹಸಿರು ಬಾಣ ಅತ್ತಿತ್ತ ಅಲೆದು ನಡುವೆ ನಿಂತಿತು.

"ಅಲಾಸ್ಕಾದ ಕಾಗದ ನಿನ್ನ ಡ್ರಾಯರಲ್ಲಿದೆ," ಅಂದ, ಮಸೂರದಿಂದ ಕಣ್ಣು ತೆಗೆಯದೆ. "ಮೊನ್ನೆ ಮಸೂರ ಒರೆಸೋಕೆ ಕಾಗದ ಹುಡುಕ್ತಿದ್ದಾಗ ಸಿಕ್ತು."

ನನ್ನ ಕಿವಿ ಬಿಸಿಯಾಯಿತು. "ಮತ್ತೆ ಯಾಕೆ ಕೇಳಲಿಲ್ಲ?"

"ಬೇಡದ್ದನ್ನ ಯಾಕೆ ಕೇಳಲಿ? ಆರು ವರ್ಷದಿಂದ ಊರು ಬಿಡ್ತಿದ್ದೀನಿ ಮಾರಿಟ್. ಎಲ್ಲ ಕಡೆ ಕೇಕ್ ಕತ್ತರಿಸಿ ಕಳಿಸಿದ್ದಾರೆ. ಬೂಟು ಬಚ್ಚಿಟ್ಟವಳು ನೀನೊಬ್ಬಳೇ."

ಆಮೇಲೆ ನಿಧಾನವಾಗಿ ಹೇಳಿದ. ಇಲ್ಲೇ ಕಾಯಂ ಕೆಲಸಕ್ಕೆ ಗ್ಲೆನ್ನಾಳನ್ನು ಕೇಳಿ ಮೂರು ವಾರವಾಗಿತ್ತು. ನನ್ನ ಸಂಬಳವೇ ಅವನಿಗೂ. ಕೆಂಡ್ರಾ ದಿನವೂ ಫೋನು ಮಾಡಿ, ಅರ್ಧ ಸಂಬಳಕ್ಕೆ ಚಳಿಯಲ್ಲಿ ಸಾಯುತ್ತೀಯಾ ಎಂದು ಬೈಯುತ್ತಿದ್ದಳಂತೆ. ಅವನು ನಗುತ್ತಿದ್ದದ್ದು ಅದಕ್ಕೆ.

ಈಗ ಹೇಳುವ ಸರದಿ ನನ್ನದು.

"ಆರ್ನೆಲ್, ಆ ಅಲಾಸ್ಕಾ ಕೆಲಸಕ್ಕೆ ನಾನು ಸಹಿ ಹಾಕಿದೆ."

ಹಸಿರು ಬಾಣ ನಡುಗಿತು. ನನ್ನ ಮಸೂರದಲ್ಲೂ ಕಂಡಿತು.

"ಯಾಕೆ?"

"ಹೊಟ್ಟೆಕಿಚ್ಚು."

"ಯಾರ ಮೇಲೆ?"

"ಯಾವುದೋ ಹುಡುಗಿಯ ಮೇಲೆ. ಅವಳು ನಾನೇ ಅಂತ ಗೊತ್ತಿರಲಿಲ್ಲ."

ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಬೆನ್ನು ನೋಡುತ್ತ ಕುಳಿತೆ. ಬೇಡ ಅಂದುಬಿಡು, ಒಂದೇ ಮಾತಿಗೆ ಹರಿದು ಹಾಕುತ್ತೇನೆ ಎಂದುಕೊಂಡೆ. ಅವನು ತಿರುಗಿದಾಗ ಕಣ್ಣು ಒದ್ದೆಯಾಗಿತ್ತು.

"ಹೋಗು. ನಾನು ಬೂಟು ಬಚ್ಚಿಡೋನಲ್ಲ. ನಿನಗೆ ಸಮುದ್ರ ನೋಡ್ಬೇಕಿತ್ತು, ಲೆಫ್ಸೆ ತಿನ್ನೋವಾಗೆಲ್ಲ ಹೇಳ್ತಿದ್ದೆಯಲ್ಲ."

ನನಗೆ ಕಾಯಂ ವಿಳಾಸವಿಲ್ಲ ಎಂದೆ. ಫೋನು ತೆರೆದು ಖಾಲಿ ಅಂಕಣ ತೋರಿಸಿದೆ.

ಅವನು ನನ್ನ ಫೋನು ತೆಗೆದುಕೊಂಡು ಖಾಲಿ ಅಂಕಣದಲ್ಲಿ ಬರೆದ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ. ಅವನು ಹಿಂದಿನ ದಿನವಷ್ಟೇ ವರ್ಷದ ಕರಾರು ಮಾಡಿಕೊಂಡಿದ್ದ ಮನೆ.

"ಅರ್ಧ ಬಾಡಿಗೆ ನೀನು ಕಟ್ಟಬೇಕು," ಅಂದ. "ಕಟ್ಟದಿದ್ರೆ ಅದು ಮನೆ ಅಲ್ವಂತೆ. ಮುಗಿಸಿ ವಾಪಸ್ ಬರಲೂಬೇಕು. ರೂಲ್ಸು."

ಹೊರಡುವ ದಿನ ಅವನೇ ವಿಮಾನ ನಿಲ್ದಾಣಕ್ಕೆ ಬಿಟ್ಟ. ನನ್ನ ಬೂಟಿನ ಲೇಸನ್ನು ಮಂಡಿಯೂರಿ ಬಿಗಿಯಾಗಿ ಕಟ್ಟಿದ. ಎದ್ದವನು, ಯಾವುದೋ ಸಣ್ಣ ವಿಷಯವೆಂಬಂತೆ ಕೇಳಿದ:

"ಅಲ್ಲಿ ಎರಡು ತಲೆಯ ಮೈಕ್ರೋಸ್ಕೋಪ್ ಇದೆಯಾ?"

"ಇದೆಯಂತೆ."

"ಎದುರುಗಡೆ ಯಾರು ಕೂರ್ತಾರೆ?"

ಅವನ ಮುಖ ನೋಡಿದೆ. ಆ ಕಿಚ್ಚಿನ ಗುರುತು ನನಗೆ ಚೆನ್ನಾಗಿ ಗೊತ್ತಿತ್ತು. ಹದಿಮೂರು ವಾರ ಅವನೂ ಸ್ವಲ್ಪ ಉರಿಯಲಿ ಎಂದು, ಉತ್ತರ ಕೊಡದೆ ಅವನ ಕೆನ್ನೆಗೊಂದು ಮುತ್ತಿಟ್ಟು, ತಿರುಗಿ ತಿರುಗಿ ನೋಡುತ್ತ ನಡೆದೆ.